ಬಾರ್ ಸೀನಿನ ಪೀಪಿ

ಕೊಳ್ಳೇಗಾಲದಲ್ಲಿ ನಮ್ಮ ವಯಸ್ಸಿನವರು ಬಾರನ್ನು ಕಣ್ಣಾರೆ ಕಾಣುವ ಎಷ್ಟೋ ಮುಂಚೆ ಕಿವಿಯಾರೆ ಕೇಳಿದ್ದೆವು. ಕೇಳಿಸಿದ್ದು ಟಿವಿ. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದೇ ಶುರುವಾಗಿತ್ತು. ಆದರೆ ಅದರ ಸಿಗ್ನಲ್ಲು ಕನಕಪುರ, ಮಳವಳ್ಳಿ ದಾಟಿ, ಕಾವೇರಿ ಹೊಳೆ ಹಾರಿ ನಮ್ಮೂರು ಮುಟ್ಟುವ ಹೊತ್ತಿಗೆ ಸುಸ್ತು ಹೊಡೆದಿರುತ್ತಿತ್ತು. ಮನೆ ಮೇಲೆ ಮನೆಯಷ್ಟೇ ಎತ್ತರದ ಕಬ್ಬಿಣದ ಪೈಪು, ಅದರ ತುದಿಗೆ ಆಂಟೆನಾ, ನಡುವೆ ಬೂಸ್ಟರ್, ಇಷ್ಟೆಲ್ಲ ಕಟ್ಟಿದರೂ ಪರದೆ ತುಂಬ ಸೊಳ್ಳೆ. ಮೋಡ ಕವಿದ ದಿನ ಮನುಷ್ಯ ಯಾರು, ಬಾಗಿಲು ಯಾವುದು ಎಂದು ಗುರುತು ಹತ್ತುತ್ತಿರಲಿಲ್ಲ. ಸದ್ದು ಮಾತ್ರ ಹೆಚ್ಚುಕಡಿಮೆ ಸ್ವಚ್ಛ. ಇದು ಯಾವ ಮಾಯವೂ ಅಲ್ಲ. ಆಗಿನ ಪ್ರಸಾರದಲ್ಲಿ ಚಿತ್ರ ಹೋಗುತ್ತಿದ್ದುದು ಎಎಂ ಪದ್ಧತಿಯಲ್ಲಿ, ಸದ್ದು ಹೋಗುತ್ತಿದ್ದುದು ಎಫ್‌ಎಂನಲ್ಲಿ. ಸಿಗ್ನಲ್ಲು ಸೊರಗಿದಾಗ ಮೊದಲು ಕೆಡುತ್ತಿದ್ದುದು ಚಿತ್ರ, ಸದ್ದು ಇನ್ನೊಂದಿಷ್ಟು ದೂರ ತಾಳಿಕೊಳ್ಳುತ್ತಿತ್ತು. ಆ 'ಇನ್ನೊಂದಿಷ್ಟು ದೂರ'ದಲ್ಲಿ ನಮ್ಮೂರಿತ್ತು.

ನಾವು ಟಿವಿ ನೋಡುತ್ತಿದ್ದುದು ಎದುರು ಮನೆಯಲ್ಲಿ. ರೇಷ್ಮೆ ನೂಲಿನ ವ್ಯಾಪಾರಿಯ ಮನೆ. ನಡುಮನೆಯಲ್ಲಿ ಎರಡೂ ಕಡೆ ಸರಿಯುವ ಬಾಗಿಲಿದ್ದ ಡಯನೋರಾ ಪೆಟ್ಟಿಗೆ. ಡಯನೋರಾ, ಸಾಲಿಡೇರ್ ಎರಡೂ ಮದರಾಸಿನ ಮಾಲು. ನೂಲು ತಮಿಳುನಾಡಿನ ಕಡೆ ಹೋಗುತ್ತಿದ್ದ ಊರಿಗೆ ಟಿವಿ ಅಲ್ಲಿಂದ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ರಾತ್ರಿ ಹಿಂದಿ ಧಾರಾವಾಹಿಗಳು. 1984ರ ಜುಲೈನಲ್ಲಿ ಶುರುವಾದ 'ಹಮ್ ಲೋಗ್', ಆಮೇಲೆ 'ಖಾನ್ದಾನ್', 'ಕರಮ್‌ಚಂದ್', 1986ರ 'ನುಕ್ಕಡ್'. ನೆರೆದವರಲ್ಲಿ ಹಿಂದಿ ಬರುತ್ತಿದ್ದವರು ಯಾರೂ ಇಲ್ಲ. ಚಿತ್ರವೂ ಅರ್ಧ, ಮಾತೂ ಅರ್ಧ. ಕಥೆ ಎಲ್ಲಿ ನಡೆಯುತ್ತಿದೆ ಎಂದು ಹೇಳಬೇಕಾಗಿದ್ದುದು ಹಿನ್ನೆಲೆ ಸಂಗೀತವೇ.

"ಈಗೆಲ್ಲವ್ನ್ಲಾ ಅವ್ನು?" ಆ ಮನೆಯ ಅಜ್ಜಿ ಕೇಳುತ್ತಿದ್ದರು.

"ಬಾರ್‌ನಲ್ಲವ್ನೆ ಕಣಜ್ಜಿ."

"ಏನೂ ಕಾಣ್ದಲ್ಲ, ನಿಂಗೆಂಗ್ ಗೊತ್ತಾಯ್ತು?"

"ಪೀಪಿ ಊದ್ತಾವ್ರಲ್ಲ, ಕೇಳಾಕಿಲ್ವಾ?"

ಅಜ್ಜಿಗೆ ಅಷ್ಟು ಸಾಕು. ಇವನು ಇನ್ನು ಉದ್ಧಾರವಾಗುವುದಿಲ್ಲ ಎಂದು ತೀರ್ಮಾನಿಸಿ ಎಲೆಯಡಿಕೆ ತಟ್ಟೆಗೆ ಕೈ ಹಾಕುತ್ತಿದ್ದರು. ಸಂಗೀತ ನಿರ್ದೇಶಕನಿಗೆ ಬೇಕಾಗಿದ್ದುದೂ ಇಷ್ಟೇ.

ಪೀಪಿ ಅಂದರೆ ಸ್ಯಾಕ್ಸೋಫೋನ್. ಆ ಹೆಸರು ನಮಗೆ ಗೊತ್ತಾದದ್ದು ಬಹಳ ತಡವಾಗಿ. ಬಾರ್ ಸೀನಿನ ಸಂಗೀತಕ್ಕೆ ಒಂದು ಸಿದ್ಧ ಅಡುಗೆಯಿತ್ತು. ಡ್ರಮ್ಮಿನ ಮೇಲೆ ಕೋಲಿನ ಬದಲು ತಂತಿಯ ಬ್ರಷ್ ಎಳೆದ ಸರಬರ, ಕೆಳಗೆ ನಿಧಾನಕ್ಕೆ ಹೆಜ್ಜೆ ಹಾಕುವ ಬಾಸ್, ಎಲೆಕ್ಟ್ರಿಕ್ ಗಿಟಾರಿನ ನಾಲ್ಕು ಮೀಟು, ಇದರ ಮೇಲೆ ಸ್ವರದಿಂದ ಸ್ವರಕ್ಕೆ ಜಾರುವ ಸ್ಯಾಕ್ಸೋಫೋನ್. ಡಯನೋರಾದ ಪುಟ್ಟ ಸ್ಪೀಕರಿಗೆ ಬಾಸನ್ನು ಹೊರುವ ತಾಕತ್ತಿರಲಿಲ್ಲ, ಬ್ರಷ್ಷಿನ ಸದ್ದು ಸೊಳ್ಳೆ ಸದ್ದಿನಲ್ಲಿ ಬೆರೆತುಹೋಗುತ್ತಿತ್ತು. ಉಳಿದದ್ದು ಪೀಪಿ ಮತ್ತು ಗಿಟಾರು. ಈಗ ಆ ಕಾಲದ ಸಿನಿಮಾಗಳ ಕ್ಲಬ್ ದೃಶ್ಯಗಳನ್ನು ಇಯರ್‌ಫೋನ್ ಹಾಕಿಕೊಂಡು ಕೇಳಿದರೆ ಕೆಳಗಿನ ಪದರಗಳೆಲ್ಲ ಕೇಳಿಸುತ್ತವೆ. ಸಂಗೀತ ಚೆನ್ನಾಗಿಯೇ ಇದೆ, ನಮಗೆ ತಲುಪಿದ್ದು ಅದರ ಮೇಲಿನ ಕೆನೆ ಮಾತ್ರ.

ಈ ಅಡುಗೆಯಲ್ಲೂ ಪಂಕ್ತಿಭೇದವಿತ್ತು. ಸೂಟು ಹಾಕಿದವನು ಕುಡಿದರೆ ಸ್ಯಾಕ್ಸೋಫೋನ್. ಕೂಲಿಯವನು ಕುಡಿದರೆ ತಬಲಾದ ಮೇಲೊಂದು ಗುಂಯ್ ಎನ್ನುವ ತಮಾಷೆಯ ಪೆಟ್ಟು. ಒಬ್ಬನದು ಪತನ, ಇನ್ನೊಬ್ಬನದು ಹಾಸ್ಯ. 'ಹಮ್ ಲೋಗ್'ನ ಅಪ್ಪ ಬಸೇಸರ್ ರಾಮ್ ಕುಡುಕ. 'ನುಕ್ಕಡ್'ನ ಖೋಪ್ಡಿಯೂ ಕುಡುಕ. ಖೋಪ್ಡಿಯನ್ನು ಕಂಡರೆ ಊರಿಗೆಲ್ಲ ಪ್ರೀತಿ. ಆದರೆ ಬಸೇಸರ್ ರಾಮನನ್ನು ಕಂಡರೆ ನಮ್ಮ ಬೀದಿಯ ಹೆಂಗಸರು ನಗುತ್ತಿರಲಿಲ್ಲ. ಅಂಥವರು ಕೆಲವರ ಮನೆಯಲ್ಲೇ ಇದ್ದರು.

ಈ ಸಂಗೀತ ದೂರದರ್ಶನದವರು ಹುಟ್ಟಿಸಿದ್ದಲ್ಲ, ಸಿನಿಮಾದಿಂದ ಕಡ ತಂದದ್ದು. ಸಿನಿಮಾಕ್ಕೆ ಅದು ಬಂದದ್ದು ಹೋಟೆಲು, ಕ್ಲಬ್ಬುಗಳ ಬ್ಯಾಂಡಿನಿಂದ. ಬೊಂಬಾಯಿಯ ದೊಡ್ಡ ಹೋಟೆಲುಗಳಲ್ಲಿ ನುಡಿಸುತ್ತಿದ್ದವರಲ್ಲಿ ಗೋವಾದ ವಾದ್ಯಗಾರರು ಬಹಳ. 1949ರ ಬೊಂಬಾಯಿ ಪಾನನಿಷೇಧ ಕಾಯಿದೆ ಬಂದ ಮೇಲೆ ಹೋಟೆಲಿನ ರಾತ್ರಿಗಳು ತಣ್ಣಗಾದವು, ಬ್ಯಾಂಡಿನವರಿಗೆ ಸಿನಿಮಾ ಸ್ಟುಡಿಯೋಗಳ ಕೆಲಸ ಇನ್ನಷ್ಟು ಬೇಕಾಯಿತು. ನಿಜವಾದ ಬಾರಿಗೆ ಬೀಗ ಬಿದ್ದಾಗ ಬಾರಿನ ಸಂಗೀತ ಪರದೆಯ ಮೇಲೆ ಅಂಗಡಿ ತೆರೆಯಿತು ಅಂದರೆ ತಪ್ಪಿಲ್ಲ. ಮುಂದೆ ಕಲ್ಕತ್ತೆಯಿಂದ ಬಂದ ಮನೋಹರಿ ಸಿಂಗ್ ಅವರ ಸ್ಯಾಕ್ಸೋಫೋನ್ ಹಿಂದಿ ಸಿನಿಮಾದ ಖಾಯಂ ದನಿಗಳಲ್ಲೊಂದಾಯಿತು.

ನಮ್ಮ ಕಡೆಯ ಕಥೆ ಮದರಾಸಿನದು. ಕನ್ನಡ ಸಿನಿಮಾ ಸಂಗೀತ ಆಗ ಬಹುಪಾಲು ಅಲ್ಲೇ ರೆಕಾರ್ಡ್ ಆಗುತ್ತಿತ್ತು. 1968ರಲ್ಲಿ ದೊರೆ–ಭಗವಾನ್ 'ಜೇಡರ ಬಲೆ' ಮಾಡಿದರು. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999'. ಎಲ್ಲಕ್ಕೂ ಸಂಗೀತ ಜಿ.ಕೆ. ವೆಂಕಟೇಶ್. ಕನ್ನಡಕ್ಕೆ ಜೇಮ್ಸ್ ಬಾಂಡ್ ಬಂದದ್ದು ಹೀಗೆ, ಬಾಂಡ್ ಜೊತೆಗೆ ಕ್ಲಬ್ಬೂ ಬಂತು, ಕ್ಲಬ್ಬಿನ ಗಿಟಾರೂ ಬಂತು. ನಮ್ಮೂರಿನವರಿಗೆ ಇದರಲ್ಲೊಂದು ಖಾಸಗಿ ಹೆಮ್ಮೆ. ಆ ಸಿಐಡಿ 999 ನಮ್ಮವರೇ. ರಾಜ್‌ಕುಮಾರ್ ಅವರ ಮನೆತನದ ಊರು ಸಿಂಗಾನಲ್ಲೂರು ನಮ್ಮ ತಾಲ್ಲೂಕಿನದು. ಪರದೆಯ ಮೇಲೆ ಕುಡಿತ, ಸಿಗರೇಟುಗಳಿಂದ ದೂರವಿದ್ದ ನಟ ಅವರು. ಹಾಗಾಗಿ ವಿಚಿತ್ರವೊಂದು ನಡೆಯುತ್ತಿತ್ತು. ಕ್ಲಬ್ಬಿನಲ್ಲಿ ಸುತ್ತಲಿನವರೆಲ್ಲ ತೂರಾಡುತ್ತಿರುತ್ತಾರೆ, ಸಂಗೀತವೂ ತೂರಾಡುತ್ತಿರುತ್ತದೆ, ಸಿಐಡಿ ಮಾತ್ರ ಸಾಕ್ಷಿ ಹೇಳಲು ಕೋರ್ಟಿಗೆ ಬಂದವರಂತೆ ನೆಟ್ಟಗೆ ಕೂತಿರುತ್ತಾರೆ. ಬೇರೆ ಯಾವ ದೇಶದ ಬಾಂಡ್‌ಗೂ ಈ ಕಷ್ಟ ಇರಲಿಲ್ಲ.

ವೆಂಕಟೇಶ್ ಅವರ ಬಳಿ ಸಹಾಯಕರಾಗಿ ದುಡಿದವರ ಪಟ್ಟಿ ನೋಡಿದರೆ ಆ ಪೀಪಿ ಸಂಗೀತವನ್ನು ಹಗುರವಾಗಿ ಕಾಣಲು ಮನಸ್ಸು ಬರುವುದಿಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ಅವರಿಗೆ ಗಿಟಾರ್ ನುಡಿಸುತ್ತ, ನೊಟೇಶನ್ ಬರೆಯುತ್ತ ಇದ್ದ ಒಬ್ಬರು ಇಳಯರಾಜ. 1976ರಲ್ಲಿ 'ಅನ್ನಕ್ಕಿಳಿ' ಬರುವ ತನಕ ಅವರು ಪಳಗಿದ್ದು ಹೆಚ್ಚಾಗಿ ಕನ್ನಡ ಚಿತ್ರಗಳ ಮೇಲೆಯೇ. ಇನ್ನೊಬ್ಬರು ಎಲ್. ವೈದ್ಯನಾಥನ್. ಪಿಟೀಲು ವಿದ್ವಾಂಸರ ಮನೆತನ, ಎಲ್. ಸುಬ್ರಹ್ಮಣ್ಯಂ ಅವರ ಅಣ್ಣ. ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್'ಗೆ ಸಂಗೀತ ಕೊಟ್ಟವರು ಇವರೇ. ಅಂದರೆ ನಮ್ಮ ಕಿವಿಗೆ ಬಾರನ್ನು ಕಟ್ಟಿಕೊಟ್ಟದ್ದೂ ಮಾಲ್ಗುಡಿಯನ್ನು ಕಟ್ಟಿಕೊಟ್ಟದ್ದೂ ಒಂದೇ ಗರಡಿ.

ಮಾಲ್ಗುಡಿಯ ಬಗ್ಗೆ ಒಂದು ಮಾತು. ಆರ್.ಕೆ. ನಾರಾಯಣ್ ಅವರ ಆ ಊರಿನಲ್ಲಿ ಹೋಟೆಲಿದೆ, ಛಾಪಖಾನೆಯಿದೆ, ಸರ್ಕಸ್ಸೂ ಬಂದುಹೋಗುತ್ತದೆ. ಬಾರ್ ಎನ್ನುವುದು ಊರಿನ ಕಟ್ಟೆಯಾಗಿ ನಿಲ್ಲುವುದಿಲ್ಲ. 'ದಿ ವೆಂಡರ್ ಆಫ್ ಸ್ವೀಟ್ಸ್' ಕಾದಂಬರಿಯಲ್ಲಿ ಮಿಠಾಯಿ ಮಾರುವ ಜಗನ್‌ನ ಮಗ ಮಾಲಿ ಜೈಲು ಸೇರುವುದೇ ಕಾರಿನಲ್ಲಿ ಮದ್ಯದ ಶೀಷೆ ಸಿಕ್ಕಿದ್ದಕ್ಕೆ. ಆ ಜಗನ್ ಆಗಿ ಧಾರಾವಾಹಿಯಲ್ಲಿ ಅಭಿನಯಿಸಿದವರು ಅನಂತ್‌ನಾಗ್. ಶೀಷೆ ಸಿಕ್ಕರೆ ಜೈಲು ಎಂಬ ಮಾತು ನಮ್ಮೂರಿನ ಹಿರಿಯರಿಗೆ ಕಥೆಯಾಗಿರಲಿಲ್ಲ. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮದರಾಸಿನ ಪಾನನಿಷೇಧ 1937ರಲ್ಲಿ ಸೇಲಂನಿಂದ ಶುರುವಾಗಿ 1948ರ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಹಬ್ಬಿತ್ತು. ಆ ಕಾಲದಲ್ಲಿ ಕುಡಿದವರು ಕದ್ದು ಕುಡಿದವರು. ಕಳ್ಳಬಟ್ಟಿಗೆ ಹಿನ್ನೆಲೆ ಸಂಗೀತ ಇರುವುದಿಲ್ಲ, ಇರಲೂಬಾರದು. ಕೆಮ್ಮಿದರೂ ಅಪಾಯ.

ನಮ್ಮ ಕಾಲಕ್ಕೆ ಸಾರಾಯಿ ಅಂಗಡಿ ರಾಜಾರೋಷವಾಗಿತ್ತು. ಶಾಲೆಗೆ ಹೋಗುವ ದಾರಿಯಲ್ಲೇ ಒಂದು. ಟಿವಿಯಲ್ಲಿ ಕೇಳಿದ ಪೀಪಿ ಅಲ್ಲಿ ಕೇಳುತ್ತದೆಯೋ ಎಂದು ನಿಂತು ಕಿವಿ ಕೊಟ್ಟದ್ದುಂಟು. ಕೇಳುತ್ತಿದ್ದುದು ಇಷ್ಟು: ಕಲ್ಲು ಹಲಗೆಯ ಮೇಲೆ ಗಾಜಿನ ಲೋಟ ಕುಕ್ಕಿದ ಸದ್ದು, ಚಿಲ್ಲರೆ ಎಣಿಸುವ ಸದ್ದು, ಬೇಯಿಸಿದ ಕಡಲೆಕಾಳು ಮಾರುವವಳ ಕೂಗು, ಕುಡಿದವನೊಬ್ಬನ ಉಗುಳು. ಮಾತೇ ಕಡಿಮೆ. ಬಂದವನು ನಿಂತೇ ಎತ್ತಿ ಸುರಿದುಕೊಂಡು ಮುಖ ಕಿವಿಚಿ ಹೊರಡುತ್ತಿದ್ದ. ಜಗಳ ನಡೆಯುತ್ತಿದ್ದುದು ಅಲ್ಲಲ್ಲ, ಮನೆಯಲ್ಲಿ. ಸಂಗೀತ ಇದ್ದದ್ದು ಎದುರಿನ ಟೀ ಅಂಗಡಿಯ ರೇಡಿಯೋದಲ್ಲಿ: ಒಮ್ಮೆ ಕನ್ನಡ, ಒಮ್ಮೆ ಸಿಲೋನ್ ಸ್ಟೇಷನ್ನಿನ ತಮಿಳು. ಅದಕ್ಕೂ ಸಾರಾಯಿಗೂ ಸಂಬಂಧವಿಲ್ಲ. ಹಬ್ಬದ ಮುನ್ನ ಮಾದಪ್ಪನ ಬೆಟ್ಟಕ್ಕೆ ಹೊರಟ ದೇವರಗುಡ್ಡರು ಕಂಸಾಳೆ ಹಿಡಿದು ಆ ಬೀದಿಯಲ್ಲೇ ಹಾಯುತ್ತಿದ್ದರು, ಚಿಕ್ಕಲ್ಲೂರು ಜಾತ್ರೆಯ ಹೊತ್ತಿಗೆ ನೀಲಗಾರರು ತಂಬೂರಿ ಹೊತ್ತು ಬರುತ್ತಿದ್ದರು. ರಾತ್ರಿಯಿಡೀ ಹಾಡಬಲ್ಲ ಜನ ಇದ್ದ ಸೀಮೆ ಇದು. ಆದರೂ ಸಾರಾಯಿ ಅಂಗಡಿಗೆ ತನ್ನದೆಂಬ ಒಂದು ರಾಗ ಇರಲಿಲ್ಲ. ಮನರಂಜನೆಗೆ ಕುಡಿಯುವವನಿಗೆ ಸಂಗೀತ ಬೇಕು. ಮೈ ನೋವಿಗೆ ಕುಡಿಯುವವನಿಗೆ ಬೇಡ.

'ಬಾರ್ ಅಂಡ್ ರೆಸ್ಟೋರೆಂಟ್' ಎಂಬ ಬೋರ್ಡು ಹೊತ್ತ ಮಹಡಿಗಳು ಆಮೇಲೆ ಬಂದವು. ಕಪ್ಪು ಗಾಜು, ಕೆಂಪು ಬಲ್ಬು, ಬೆತ್ತದ ಕುರ್ಚಿ. ಇಂಥದ್ದೊಂದರ ಮಾಲೀಕರಿಗೆ ಸಿನಿಮಾದಂತೆಯೇ ಇರಬೇಕೆಂಬ ಆಸೆ. ಕೌಂಟರಿನ ಹಿಂದೆ ಟೇಪ್‌ರೆಕಾರ್ಡರ್ ಇಟ್ಟು ವಾದ್ಯಸಂಗೀತದ ಕ್ಯಾಸೆಟ್ ಹಾಕಿಸುತ್ತಿದ್ದರು. ಸುನಿಲ್ ಗಂಗೂಲಿಯವರ ಹವಾಯಿಯನ್ ಗಿಟಾರ್, ಎನಾಕ್ ಡೇನಿಯಲ್ಸ್ ಅವರ ಅಕಾರ್ಡಿಯನ್, ವ್ಯಾನ್ ಶಿಪ್ಲೆಯವರ ಎಲೆಕ್ಟ್ರಿಕ್ ಗಿಟಾರ್. ಹಿಂದಿ ಹಾಡಿನ ಮಟ್ಟು ಮಾತ್ರ, ಮಾತಿಲ್ಲ. ಇಡೀ ದೇಶದ ಹೋಟೆಲು, ಲಿಫ್ಟು, ವಿಮಾನಗಳಲ್ಲಿ ಸವೆದ ಸಂಗೀತ ಅದು. ಕೊಳ್ಳೇಗಾಲದಲ್ಲಿ ಮಾತ್ರ ಬೇಗ ಸೋತಿತು. "ಹಾಡ್ ಹಾಕಿ ಸಾ, ಬರೀ ಪೀಪೀನೇ ಎಷ್ಟೊತ್ತು ಕೇಳಾದು" ಎಂದು ಗಿರಾಕಿಗಳು ಗಲಾಟೆ ತೆಗೆದರು. ಗಿಟಾರಿನ ಜಾಗಕ್ಕೆ ಹಂಸಲೇಖ ಬಂದರು. ಗಿರಾಕಿಗಳೂ ದನಿಗೂಡಿಸತೊಡಗಿದರು. ಹಿನ್ನೆಲೆ ಎನ್ನುವುದೇ ಅಲ್ಲಿಗೆ ಮುಗಿಯಿತು, ಎಲ್ಲ ಮುನ್ನೆಲೆ. ನನಗೆ ಕೇಳಿದರೆ ಗಿರಾಕಿಗಳದೇ ಸರಿ. ಕಾಸು ಕೊಟ್ಟು ಕುಡಿಯುವವನು ತನಗೆ ಗೊತ್ತಿರುವ ಹಾಡು ಕೇಳಿದರೆ ಅದರಲ್ಲಿ ಅಸಂಸ್ಕೃತಿ ಏನಿಲ್ಲ.

ಬಾರು, ಸದ್ದು, ಕುಡಿತ ಈ ಮೂರನ್ನೂ ಬುದ್ಧಿವಂತಿಕೆಯಿಂದ ಜೋಡಿಸಿದ್ದು ನಾನು ಕಂಡಂತೆ ಒಂದೇ ಒಂದು ಸಿನಿಮಾ, ಅದೂ ಕನ್ನಡದವರು ನಿರ್ಮಿಸಿದ್ದು: 1987ರ 'ಪುಷ್ಪಕ ವಿಮಾನ'. ನಿರ್ದೇಶನ ಸಿಂಗೀತಂ ಶ್ರೀನಿವಾಸರಾವ್, ನಿರ್ಮಾಣದಲ್ಲಿ ಜೊತೆಗೂಡಿದವರು ಶೃಂಗಾರ್ ನಾಗರಾಜ್, ಸಂಗೀತ ಅದೇ ವೈದ್ಯನಾಥನ್. ಬೆಂಗಳೂರಿನಲ್ಲಿ ತೆಗೆದದ್ದು, ಇಡೀ ಚಿತ್ರದಲ್ಲಿ ಮಾತಿಲ್ಲ. ಅದರಲ್ಲಿ ರಸ್ತೆಬದಿ ಬಿದ್ದುಕೊಳ್ಳುವ ಶ್ರೀಮಂತ ಕುಡುಕನ ಪಾತ್ರ ಮಾಡಿದವರು ಸಮೀರ್ ಖಖ್ಖರ್, ಅಂದರೆ 'ನುಕ್ಕಡ್'ನ ಖೋಪ್ಡಿ. ಟಿವಿಯ ಬಡ ಕುಡುಕ ಸಿನಿಮಾದಲ್ಲಿ ಸಾಹುಕಾರ ಕುಡುಕನಾದ. ಅವನ ಜಾಗದಲ್ಲಿ ಐಷಾರಾಮಿ ಹೋಟೆಲು ಸೇರುವ ನಿರುದ್ಯೋಗಿ ಕಮಲಹಾಸನ್‌ಗೆ ಅಲ್ಲಿನ ನಿಶ್ಶಬ್ದದಲ್ಲಿ ನಿದ್ದೆ ಬಾರದು. ತಾನು ಹಿಂದೆ ಇದ್ದ ಜಾಗದ ಗದ್ದಲವನ್ನು ಟೇಪ್ ಮಾಡಿಕೊಂಡು ಬಂದು, ಅದನ್ನು ಹಾಕಿಕೊಂಡು ಮಲಗುತ್ತಾನೆ. ನಮ್ಮ ಟಿವಿ ಧಾರಾವಾಹಿಗಳವರು ಬಾರಿನ ಸದ್ದನ್ನು ಸ್ಟುಡಿಯೋದಲ್ಲಿ ಕಟ್ಟುವ ಬದಲು ಒಂದು ದಿನ ಯಾವುದಾದರೂ ಸಾರಾಯಿ ಅಂಗಡಿಯ ಮುಂದೆ ಮೈಕು ಹಿಡಿದು ನಿಂತಿದ್ದರೆ! ನಿಲ್ಲಲಿಲ್ಲ. ಅವರಿಗೆ ಬೇಕಾದ್ದು ಬಾರ್ ಅಲ್ಲ, ಎಚ್ಚರಿಕೆಯ ಗಂಟೆ.

ಆ ಗಂಟೆಯ ಕೆಲಸವನ್ನು ಈಗ ಅಕ್ಷರಗಳು ಮಾಡುತ್ತಿವೆ. ಲೋಟ ಎತ್ತಿದ ಕ್ಷಣಕ್ಕೆ ಪರದೆಯ ಮೂಲೆಯಲ್ಲಿ ಆರೋಗ್ಯಕ್ಕೆ ಹಾನಿಕರ ಎಂಬ ಸಾಲು ಮೂಡುತ್ತದೆ. ಸಾಲು ಬಂದಮೇಲೆ ಸಂಗೀತಕ್ಕೆ ಜವಾಬ್ದಾರಿ ತಪ್ಪಿತು, ಅದು ಹಾಯಾಗಿ ಕುಣಿಯತೊಡಗಿತು. ಎಣ್ಣೆ ಹಾಡು ಈಗ ಕನ್ನಡ ಸಿನಿಮಾದ ಒಂದು ಪ್ರಕಾರವೇ. 2019ರ 'ನಟಸಾರ್ವಭೌಮ'ದಲ್ಲೂ ಒಂದಿತ್ತು. ನಾಯಕ ಪುನೀತ್ ರಾಜ್‌ಕುಮಾರ್. ಅಪ್ಪ ಕ್ಲಬ್ಬಿನಲ್ಲಿ ನೆಟ್ಟಗೆ ಕೂತಿದ್ದ ಕಾಲದಿಂದ ಅಲ್ಲಿಗೆ ಐವತ್ತು ವರ್ಷ. ಧಾರಾವಾಹಿಗಳಲ್ಲಂತೂ ಬಾರ್ ಸೀನೇ ಅಪರೂಪ. ಎಲ್ಲ ಅನಾಹುತವೂ ನಡುಮನೆಯಲ್ಲೇ ಸೀರೆಯುಟ್ಟುಕೊಂಡು ನಡೆಯುತ್ತದೆ, ಸಂಗೀತ ಒಂದು ಕೀಬೋರ್ಡಿನಿಂದ ಮೂರು ಸಲ ಢಣ್ ಅನ್ನುತ್ತದೆ. ಸ್ಯಾಕ್ಸೋಫೋನೂ ಅದರಲ್ಲೇ ಒಂದು ಗುಂಡಿ. ಊದುವವನ ಉಸಿರು ಬೇಕಿಲ್ಲ.

ನಿಜವಾದ ಸ್ಯಾಕ್ಸೋಫೋನ್ ಎಲ್ಲಿಗೆ ಹೋಯಿತು? ಕಲ್ಯಾಣ ಮಂಟಪಕ್ಕೆ. ನಾಗಸ್ವರದ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯವನ್ನು ಕೇಳಿ ಮನಸೋತು, ಅದನ್ನು ಕರ್ನಾಟಕ ಸಂಗೀತಕ್ಕೆ ಪಳಗಿಸಿದರು. ಹಿರಿಯ ವಿದ್ವಾಂಸರ ಮುಂದೆ ಕಛೇರಿಯ ವಾದ್ಯವೆಂದು ಒಪ್ಪಿಸಿದರು. 2019ರಲ್ಲಿ ತೀರಿಕೊಂಡರು. ಅವರ ದಾರಿ ಹಿಡಿದವರು ಹೆಚ್ಚಿದ ಮೇಲೆ ಕೊಳ್ಳೇಗಾಲ, ಯಳಂದೂರುಗಳ ಮದುವೆಗಳಲ್ಲೂ ಓಲಗದ ಪಕ್ಕಕ್ಕೆ, ಕೆಲವು ಕಡೆ ಓಲಗದ ಬದಲಿಗೆ, ಸ್ಯಾಕ್ಸೋಫೋನ್ ಬಂತು. ಮೊದಲ ಸಲ ಮುಹೂರ್ತದ ಹೊತ್ತಿಗೆ ಅದು ಊದಿದಾಗ ನಮ್ಮ ಪಂಕ್ತಿಯಲ್ಲಿದ್ದ, ಅದೇ ಡಯನೋರಾ ಮುಂದೆ ಬೆಳೆದ ಗೆಳೆಯನೊಬ್ಬ ಮೆಲ್ಲಗೆ ಕೇಳಿದ: "ಯಾಕ್ಲಾ, ಮದ್ವೆಗಂಡು ಎಲ್ಲವ್ನೆ ಈಗ?" ನಗು ತಡೆಯಲಾಗಲಿಲ್ಲ. ಆದರೆ ಇವತ್ತಿನ ಹುಡುಗರಿಗೆ ಈ ಹಾಸ್ಯ ಹತ್ತುವುದಿಲ್ಲ. ಅವರಿಗೆ ಆ ದನಿ ಅಂದರೆ ಧಾರೆ, ಅಕ್ಷತೆ.

ಊರಿನ ಕುಡಿತದ ಜಾಗಗಳೂ ಬದಲಾದವು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್. ಕಲ್ಲು ಹಲಗೆಯ ಅಂಗಡಿಗಳು ಹೋದವು, ಕುಡಿತ ಹೋಗಲಿಲ್ಲ. ಕೂಲಿಯವನು ಅಗ್ಗದ ವಿಸ್ಕಿಗೆ ಬಡ್ತಿ ಪಡೆದ, ಖರ್ಚು ಹೆಚ್ಚಿತು. ಹೆದ್ದಾರಿ ಬದಿಯ ಮದ್ಯದಂಗಡಿಗಳ ಮೇಲೆ ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಆದೇಶ ಕೊಟ್ಟಾಗ ಬೆಂಗಳೂರು–ಕೊಯಮತ್ತೂರು ರಸ್ತೆಯ ಮೇಲಿರುವ ನಮ್ಮಂಥ ಊರುಗಳಲ್ಲಿ ಕೆಲವು ತಿಂಗಳು ಅದೇ ಮಾತು. ಈಗಿನ ಬಾರಿನ ಒಳಗೆ ಹೋದರೆ ಗೋಡೆಯ ಮೇಲೆ ದೊಡ್ಡ ಟಿವಿ, ಅದರಲ್ಲಿ ಕ್ರಿಕೆಟ್, ವಾಲ್ಯೂಮ್ ಸೊನ್ನೆ. ಒಂದೊಂದು ಮೇಜಿನಲ್ಲಿ ಒಂದೊಂದು ಫೋನು, ಒಂದೊಂದು ಫೋನಿನಲ್ಲಿ ಹದಿನೈದು ಸೆಕೆಂಡಿಗೊಂದು ಹಾಡು. ಆಗ ನಮ್ಮೂರಿನ ಟಿವಿಯಲ್ಲಿ ಸದ್ದಿತ್ತು, ಚಿತ್ರವಿರಲಿಲ್ಲ. ಈಗ ಚಿತ್ರ ಕನ್ನಡಿಯಷ್ಟು ಸ್ವಚ್ಛ, ಸದ್ದು ಯಾರಿಗೂ ಬೇಕಿಲ್ಲ.

ಹಳೆಯ ಸಂಗೀತವೇ ಚೆನ್ನಾಗಿತ್ತು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಅದರಲ್ಲಿ ಮುಕ್ಕಾಲು ಭಾಗ ಸಿದ್ಧ ಸರಕು, ಒಂದು ಸೀನಿನದನ್ನು ಇನ್ನೊಂದಕ್ಕೆ ಹಚ್ಚಿದರೂ ಗೊತ್ತಾಗದಂಥದ್ದು. ಆದರೆ ಅದನ್ನು ನುಡಿಸಿದವರು ಸಿದ್ಧ ಸರಕಿನವರಲ್ಲ. ಸ್ಟುಡಿಯೋಗೆ ಬಂದು ಎದುರಿಗಿಟ್ಟ ನೊಟೇಶನ್ ನೋಡಿ ಆ ಕ್ಷಣಕ್ಕೆ ನುಡಿಸಿ ಹೋಗುತ್ತಿದ್ದ ಪಕ್ಕಾ ಕಸುಬುದಾರರು. ಸಂಗೀತ ನಿರ್ದೇಶಕರ ಹೆಸರು ಟೈಟಲಿನಲ್ಲಿ ಬರುತ್ತಿತ್ತು, ಹಾಡಿದವರ ಹೆಸರು ಬರುತ್ತಿತ್ತು. ಸ್ಯಾಕ್ಸೋಫೋನ್ ಊದಿದವರು, ಬ್ರಷ್ ಎಳೆದವರು, ಬಾಸ್ ಮೀಟಿದವರ ಹೆಸರು ಬರುತ್ತಿರಲಿಲ್ಲ. ಮದರಾಸಿನ, ಬೆಂಗಳೂರಿನ ಆ ವಾದ್ಯಗಾರರಲ್ಲಿ ಇನ್ನೂ ಕೆಲವರು ಇದ್ದಾರೆ, ಅವರ ಮಕ್ಕಳಿದ್ದಾರೆ, ಅವರ ಜೊತೆ ಕೆಲಸ ಮಾಡಿದ ರೆಕಾರ್ಡಿಸ್ಟುಗಳಿದ್ದಾರೆ. 'ಜೇಡರ ಬಲೆ'ಯಿಂದ ಹಿಡಿದು ದೂರದರ್ಶನದ ಕಾಲದವರೆಗೆ ಯಾವ ಸೀನಿಗೆ ಯಾರು ಊದಿದರು, ಯಾರು ಬಾರಿಸಿದರು ಎಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬರೆದಿಡಿ. ಹೆಸರು, ವಾದ್ಯ, ಚಿತ್ರ, ವರ್ಷ, ಇಷ್ಟಿದ್ದರೆ ಸಾಕು.